ಹೊರಗಿನವರಿಗೆ ಹೇಳುವ ದಾರಿ

ಅವ್ವಾ,

ಮೊದಲು 'ಪ್ರೀತಿಯ ಅವ್ವನಿಗೆ' ಅಂತ ಬರೆದೆ. ಆಮೇಲೆ ಆ ಮೊದಲ ಮಾತನ್ನು ಹೊಡೆದುಹಾಕಿದೆ. ಪ್ರೀತಿ ಇಲ್ಲ ಅಂತಲ್ಲ. ಇದೆ, ಕಷ್ಟವಿರುವುದೇ ಅಲ್ಲಿ. ಇಲ್ಲದಿದ್ದರೆ ಸತ್ತವಳ ಮೇಲೆ ಸಿಟ್ಟು ಮಾಡಿಕೊಂಡು ಕಾಗದ ಬರೆಯುವಷ್ಟು ಬಿಡುವು ಯಾರಿಗಿದೆ? ನೀನು ಹೋಗಿ ಒಂದೂವರೆ ವರ್ಷವಾಯಿತು. ಇಷ್ಟು ದಿನ ನಿನ್ನ ಹತ್ತಿರ ಮಾತು ಬಿಟ್ಟಿದ್ದೆ. ನಿನ್ನ ಫೋಟೋ ಇರುವ ಗೋಡೆಯ ಕಡೆ ಬೆನ್ನು ಮಾಡಿಕೊಂಡು ಅಕ್ಕಿ ಆರಿಸುತ್ತಿದ್ದೆ. ನಿನಗೆ ಗೊತ್ತಾಯಿತೋ ಇಲ್ಲವೋ.

ಮದುವೆಯಾಗಿ ಚಿಂತಾಮಣಿಯಿಂದ ಶಿಡ್ಲಘಟ್ಟದ ಆ ವಠಾರಕ್ಕೆ ನಾನು ಬಂದ ಮೊದಲ ವಾರ ನೆನಪಿದೆಯಾ? ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತು, "ಗಂಗುಲಮ್ಮನವರೇ, ನಿಮ್ಮದಾದ ಮೇಲೆ ನಾನು ಹಿಡೀಲಾ" ಅಂತ ಕೇಳಿದೆ. ನಮ್ಮಪ್ಪ ಹೈಸ್ಕೂಲಿನಲ್ಲಿ ಗುಮಾಸ್ತರು. ನಮ್ಮ ಮನೆಯಲ್ಲಿ ಹಾಲು ಹಾಕುವವನಿಗೂ 'ನೀವು' ಅನ್ನಬೇಕಿತ್ತು. ನೀನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕೆ. "ಏಮ್ಮಾ, ನನ್ನೇನು ಅಮಲ್ದಾರ್ರು ಅನ್ಕೊಂಡ್ಯಾ? ಅವ್ವಾ ಅನ್ನು. ಅವ್ವಾ ಅಂದ್ಮೇಲೆ ನೀವು ಗೀವು ಬ್ಯಾಡ. ನೀನು ಅನ್ನು." ಅವತ್ತಿನಿಂದ ನಿನ್ನನ್ನು ಹಾಗೇ ಕರೆದೆ. ನನ್ನ ಸ್ವಂತ ಅಜ್ಜಿಯನ್ನು ಕೂಡ ಅಷ್ಟು ಸಲೀಸಾಗಿ 'ನೀನು' ಅಂದಿರಲಿಲ್ಲ. ನಾನು ನಿನ್ನವಳಾದೆ ಅಂತ ತಿಳಿದುಕೊಂಡದ್ದು ಆ ನಲ್ಲಿಯ ಹತ್ತಿರವೇ. ತಪ್ಪು ತಿಳಿದುಕೊಂಡೆನಾ?

ಸಂಜೆ ನೀನು ನೂಲು ತೆಗೆಯುವ ಫಿಲೇಚರಿನಿಂದ ಬರುವಾಗ, ದಿನವಿಡೀ ಬಿಸಿನೀರಿನಲ್ಲಿ ರೇಷ್ಮೆಗೂಡು ಆಡಿಸಿ ನೂಲಿನ ಎಳೆ ಹುಡುಕಿದ ಬೆರಳುಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಜಗುಲಿಯ ಮೇಲೆ ಕೂತು ನೀನು ಕಥೆ ಶುರು ಮಾಡುತ್ತಿದ್ದೆ. ನಿಮ್ಮ ಜನ ನಡೆದು ಬಂದ ಕಥೆ. ಯಾವುದೋ ಕಾಲದಲ್ಲಿ ಆಂಧ್ರದ ಒಳಗಿನಿಂದ, ಒಣಗಿದ ಪೆನ್ನೇರಿನ ಮರಳು ಹಿಡಿದು, ಹೊಳೆ ಹುಟ್ಟುವ ಬೆಟ್ಟದ ಕಡೆಗೆ ಬಂದವರು. ತಂಗಿದ ಒಂದೊಂದು ಜಾಗಕ್ಕೂ ಒಂದೊಂದು ಕಥೆ. ಯಾರ ಮನೆಯ ಬೆಂಕಿಯನ್ನೂ ಬೇಡಬಾರದು ಅಂತ ಕುಡಿಕೆಯಲ್ಲಿ ಕೆಂಡ ಹೊತ್ತು ತಂದ ಹೆಂಗಸು. ಎತ್ತಿನ ಗಂಟೆ ಕೊಟ್ಟು ಉಪ್ಪು ತಂದು, ಗಂಟೆಯ ಸದ್ದಿಲ್ಲದೆ ಎತ್ತು ಹೆಜ್ಜೆಯನ್ನೇ ಎತ್ತದಿದ್ದಾಗ ತಾನೇ ಬಾಯಲ್ಲಿ ಗಂಟೆಯ ಸದ್ದು ಮಾಡಿಕೊಂಡು ನಡೆದ ಗಂಡಸು. ಅರ್ಧ ತೆಲುಗು, ಅರ್ಧ ಕನ್ನಡ. ಬರೆದಿಟ್ಟದ್ದಲ್ಲ, ಬರೆಯುವಂಥದ್ದೂ ಅಲ್ಲ ಅಂತಿದ್ದೆ ನೀನು.

"ಊ ಕೊಟ್ಟವೇ", ಹೂಂ ಅನ್ನೇ, ಅಂತ ನನ್ನ ಮೊಣಕಾಲಿಗೆ ತಟ್ಟುತ್ತಿದ್ದೆ. ಹೂಂಗುಟ್ಟುವವಳು ಇಲ್ಲದೆ ನಿಮ್ಮ ಕಥೆ ಮುಂದೆ ಹೋಗುವುದಿಲ್ಲ, ಅದು ನಿಮ್ಮ ಕಟ್ಟಳೆ. ಹೂಂಗುಟ್ಟುವುದನ್ನು ನನಗೆ ಕಲಿಸಿದ್ದೂ ನೀನೇ. ಗಂಟಲಿನಿಂದ ಬಂದರೆ ಸಾಲದು, ಹೊಟ್ಟೆಯಿಂದ ಬರಬೇಕು. ನಗುವ ಕಡೆ ಚುರುಕಾಗಿ, ಸಂಕಟದ ಕಡೆ ನಿಧಾನವಾಗಿ. ಹೀಗೇ ವರ್ಷಗಟ್ಟಲೆ ಕೂತೆನಲ್ಲ ಅವ್ವಾ. ನಮ್ಮತ್ತೆ, "ಆಯಮ್ಮನ ಜನ ಯಾರೋ, ಎಲ್ಲಿಂದ ಬಂದ್ರೋ, ಅವ್ರ ಕಥೆ ನಿಂಗ್ಯಾಕೆ" ಅಂತ ಎಷ್ಟು ಸಲ ಮೂಗು ಮುರಿದಿದ್ದಾರೆ. ನಾನು ಕೇಳಲಿಲ್ಲ. ಆಮೇಲೆ ಆಮೇಲೆ ನೀನು ಹೂಂಗುಟ್ಟುತ್ತಿದ್ದೆ, ನಾನು ಹೇಳುತ್ತಿದ್ದೆ. ಒಂದು ದಿನ ಪೂರ್ತಿ ಕಥೆ ತಡೆಯಿಲ್ಲದೆ ಹೇಳಿ ಮುಗಿಸಿದಾಗ ನೀನು ನನ್ನ ಎರಡೂ ಕೆನ್ನೆಗೆ ಕೈ ಸವರಿ ಲಟಿಕೆ ಮುರಿದೆ. "ಸಾಕು ಬಂಗಾರು. ಬಂತು ನಿಂಗೆ" ಅಂದೆ. ಏನು ಬಂತು ಅಂತ ಅವತ್ತೇ ಕೇಳಬೇಕಿತ್ತು.

ಒಂದು ದಿನ ಗೂಡಿನ ಮಾರುಕಟ್ಟೆಯಿಂದ ಬಂದಿದ್ದ ಯಾರೋ ವ್ಯಾಪಾರಿ ಕುತೂಹಲಕ್ಕೆ ಕೇಳಿದ ಅಂತ ನೀನು ಅವನಿಗೆ ತುಂಡು ಕಥೆ ಹೇಳಿದೆ. ಅವನು ಹೋದ ಮೇಲೆ ನನಗೆ ಗುಟ್ಟು ಬಿಟ್ಟುಕೊಟ್ಟೆ. "ಹೊರಗಿನೋರು ಕೇಳಿದ್ರೆ ಇಲ್ಲ ಅನ್ಬಾರ್ದು. ಹೇಳ್ಬೇಕು. ಆದ್ರೆ ದಾರೀನ ಒಂದ್ಕಡೆ ತಿರುಗಿಸಿ ಹೇಳ್ಬೇಕು. ನಮ್ಮ ಹಳಬ್ರು ಮಾಡಿರೋದು." ಎಲ್ಲಿ ತಿರುಗಿಸುತ್ತೀಯ ಅಂತ ನಾನು ಕೇಳಿದೆ. "ಅದೇನು ಗೊತ್ತು, ಬಾಯಿಗೆ ಬಂದ ಕಡೆ" ಅಂದು ನೀನು ಎಲೆಅಡಿಕೆ ಬಾಯಿಗೆ ಹಾಕಿಕೊಂಡೆ. ಇಬ್ಬರೂ ಎಷ್ಟು ನಕ್ಕೆವು. ಮೋಸ ಹೋದ ವ್ಯಾಪಾರಿಯನ್ನು ನೆನೆದು ನಾನು ನಿನಗಿಂತ ಜಾಸ್ತಿ ನಕ್ಕೆ.

ವರ್ಷಕ್ಕೊಮ್ಮೆ ನೀನು ನಗರಗೆರೆಗೆ ನಿನ್ನ ತಂಗಿ ಹನುಮಕ್ಕನ ಮನೆಗೆ ಹೋಗುತ್ತಿದ್ದೆ. ನಿಮ್ಮ ಜನ ಅಲ್ಲಿ ಕೂಡಿ ಪೂರ್ತಿ ಕಥೆ ಕೇಳುತ್ತಿದ್ದರು. ನಾನೂ ಬರುತ್ತೇನೆ ಅಂದಾಗಲೆಲ್ಲ ಏನಾದರೊಂದು ನೆಪ. ನೀರು ಬರುವ ದಿನ, ಕೋಳಿ ನೋಡಿಕೊಳ್ಳುವವರಿಲ್ಲ, ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ. ವಾಪಸು ಬಂದು ಒಬ್ಬಟ್ಟಿನ ಗಂಟು ನನ್ನ ಕೈಗಿಟ್ಟು, "ಅದೇ ಕಥೆ ಕಣೇ, ನಿಂಗೆ ಹೇಳಿರೋದೇ" ಅನ್ನುತ್ತಿದ್ದೆ. ನಾನು ನಿನ್ನ ಕೋಳಿ ಕಾದುಕೊಂಡು, ನಿನ್ನ ತೊಟ್ಟಿ ತುಂಬಿಸಿಟ್ಟು, ನಿನ್ನ ಒಬ್ಬಟ್ಟು ತಿಂದುಕೊಂಡು ನಂಬಿದೆ.

ಆ ಕಾಲೇಜಿನ ಮೇಡಂ ಟೇಪ್ ರೆಕಾರ್ಡರ್ ಹಿಡಿದು ಬಂದ ಭಾನುವಾರವನ್ನು ನೀನು ಮರೆತಿರಲಾರೆ. ಅವರು ಓದುವ ಕಾಲಕ್ಕೆ ಹೊರದೇಶದಲ್ಲಿ ಇದ್ದರಂತೆ. ಪಶ್ಚಿಮ ಆಫ್ರಿಕಾದಿಂದ ಹೋಗಿ ಅಲ್ಲಿ ನೆಲೆಸಿದ ಜನ ರಜೆಯ ದಿನ ಒಂದು ಕಡೆ ಸೇರಿ, ತಮ್ಮ ಹಿರಿಯರು ಎಲ್ಲಿಂದ ಬಂದರು ಅಂತ ಮಕ್ಕಳಿಗೆ ಬಾಯಲ್ಲೇ ಕಥೆ ಹೇಳುತ್ತಿದ್ದರಂತೆ. ಮಕ್ಕಳಿಗೆ ಆ ಭಾಷೆ ಅರ್ಧಂಬರ್ಧ, ಆದರೂ ಕೂತು ಕೇಳುತ್ತಿದ್ದರಂತೆ. ನೀನು ಕೇಳಿದ್ದು ಒಂದೇ ಪ್ರಶ್ನೆ. "ಅವ್ರಲ್ಲೂ ಊ ಕೊಡೋರು ಇರ್ತಾರಾ?" ಇರುತ್ತಾರೆ, ಹೇಳುವವನ ಪಕ್ಕದಲ್ಲೇ ಕೂತು ಮಾತುಮಾತಿಗೂ ಹೌದು ಅನ್ನುವುದೇ ಒಬ್ಬನ ಕೆಲಸ ಅಂದರು ಮೇಡಂ. ನೀನು ನನ್ನ ಕಡೆ ತಿರುಗಿ, "ನೋಡೇ, ಅಷ್ಟು ದೂರದಲ್ಲೂ ನಿನ್ನಂಥೋಳು ಅವ್ಳೆ" ಅಂದೆ. ನನಗೆ ಎದೆ ಉಬ್ಬಿತು. ಮೇಡಂ ಇಂಥ ಕಥೆಗಳನ್ನು ಉಳಿಸಬೇಕು ಅಂತ ಊರೂರು ತಿರುಗುತ್ತಿದ್ದರು. ನೀನು ಒಪ್ಪಿದೆ. ನಾನು ಪಕ್ಕದಲ್ಲಿ ಕೂತೆ.

ಅವತ್ತು ನಾನು ಹೂಂಗುಟ್ಟುತ್ತಲೇ ನೀನು ದಾರಿ ತಿರುಗಿಸುವುದು ಎಲ್ಲಿ ಅಂತ ಕಾಯುತ್ತಿದ್ದೆ. ಕೆಂಡದ ಕುಡಿಕೆ ಬಂತು, ಗಂಟೆ ಬಂತು, ಪೆನ್ನೇರು ಬಂತು. ಅಲ್ಲಿ ಯಾವಾಗಲೂ ಮಾಡುವಂತೆ ನೀನು ಕಥೆ ನಿಲ್ಲಿಸಿ ನೀರು ಕುಡಿದೆ. ಆಮೇಲೆ ಹೊಳೆ ದಾಟಿ ಕಳವಾರ ಊರು, ಅದರ ಬೆಟ್ಟದ ಬುಡದಲ್ಲಿ ಒಂದು ತಂಗು, ಅಲ್ಲಿಂದ ಮುಂದಕ್ಕೆ. ಎಲ್ಲಾ ನನಗೆ ಹೇಳಿದ ಹಾಗೇ. ಒಂದು ಊರು ಆಚೀಚೆ ಆಗಲಿಲ್ಲ. ನನಗೆ ಸಿಟ್ಟು ಬಂತು ಅವ್ವಾ. ನಿನ್ನೆ ಮೊನ್ನೆ ಬಂದವರಿಗೆ ನೆಟ್ಟಗಿನ ದಾರಿ ಕೊಟ್ಟೆಯಲ್ಲ ಅಂತ ಮೇಡಂ ಹೋದ ಮೇಲೆ ಜಗಳ ಮಾಡಿದೆ. ನೀನು ಬಗ್ಗಿ ಚಾಪೆ ಸುತ್ತುತ್ತಾ, "ಪೋನೀಲೇ, ಹೋಗ್ಲಿ ಬಿಡು. ಪಾಪ, ಅಷ್ಟು ದೂರದಿಂದ ಬಂದವ್ಳೆ" ಅಂದೆ. ಚಾಪೆಯಿಂದ ತಲೆ ಎತ್ತಲಿಲ್ಲ. ನನ್ನ ಹೊಟ್ಟೆಕಿಚ್ಚು ನೋಡಿ ಒಳಗೊಳಗೇ ನಗು ಬಂತಾ ನಿನಗೆ? ಅಥವಾ ಸ್ವಲ್ಪವಾದರೂ...

ಆಸ್ಪತ್ರೆಯ ಕೊನೆಯ ಮಧ್ಯಾಹ್ನ ನಾನೊಬ್ಬಳೇ ಇದ್ದೆ. ನಿನ್ನ ಮಗಳು ರತ್ನ ಕುಡುಮಲಕುಂಟೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿದ್ದಳು. ಪಾಳಿ ಮುಗಿಯದೆ ಗೇಟಿನಿಂದ ಹೊರಗೆ ಬಿಡುವುದಿಲ್ಲ. ಬಿಟ್ಟ ಮೇಲೆ ಗೌರಿಬಿದನೂರಿಗೆ ಬಂದು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಬರಬೇಕು. ನೀನು ಕಣ್ಣು ಬಿಟ್ಟಾಗಲೆಲ್ಲ "ರತ್ನ ಬಂದ್ಲಾ?" ಅಂತಲೇ ಕೇಳಿದೆ. ನಾನು ನಿನ್ನ ಕೈ ಹಿಡಿದು, "ಏನಾದ್ರೂ ಹೇಳೋದಿದ್ರೆ ನಂಗೆ ಹೇಳವ್ವಾ, ನಾನಿದ್ದೀನಲ್ಲ" ಅಂದೆ. ನೀನು ನನ್ನನ್ನು ತುಂಬಾ ಹೊತ್ತು ನೋಡಿದೆ. ಗುರುತು ಸಿಗದವರನ್ನು ನೋಡುವ ನೋಟವಲ್ಲ ಅದು, ಗುರುತು ಚೆನ್ನಾಗಿ ಸಿಕ್ಕಿತ್ತು. "ನಿಂಗಲ್ಲಮ್ಮ" ಅಂದೆ. ತಾಯಿ ಮಗಳ ನಡುವಿನ ಏನೋ ಮಾತಿರಬೇಕು, ಕಿವಿಯೋಲೆಯದೋ ಮನೆಯದೋ ಅಂತ ಸುಮ್ಮನಾದೆ. ರತ್ನ ಬರುವ ಹೊತ್ತಿಗೆ ನಿನ್ನ ಬಾಯಿಗೆ ಹತ್ತಿಯಲ್ಲಿ ನೀರು ಬಿಡುತ್ತಿದ್ದರು.

ನಿನ್ನ ಹನ್ನೊಂದನೇ ದಿನ ಮೇಡಂ ಬಂದಿದ್ದರು. ಗಂಗುಲಮ್ಮನವರ ದನಿಯನ್ನು ಅವರ ಜನವೇ ಕೇಳಲಿ ಅಂತ ಕ್ಯಾಸೆಟ್ ಹಾಕಿದರು. ಎಲ್ಲರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳುತ್ತಿದ್ದರು. ಕ್ಯಾಸೆಟ್ಟಿನಲ್ಲಿ ನೀನು ಪೆನ್ನೇರಿಗೆ ಬಂದೆ, ನೀರು ಕುಡಿದೆ, ಲೋಟ ಕೆಳಗಿಟ್ಟ ಸದ್ದು ಕೂಡ ಕೇಳಿಸಿತು. ನಂತರ ಕಳವಾರ ಅಂದೆ. ಅಷ್ಟರಲ್ಲಿ ನಿನ್ನ ತಂಗಿ ಹನುಮಕ್ಕ ಕಿಸಕ್ಕನೆ ನಕ್ಕುಬಿಟ್ಟಳು. ಪಕ್ಕದವಳಿಗೆ ತಿವಿದು, "ನೋಡೇ ಅಕ್ಕನ್ನ. ಮೇಡಮ್ಮೋರ್ಗೂ ಹೊರಗಿನೋರ ದಾರೀನೇ ತೋರ್ಸವ್ಳೆ. ಗಟ್ಟಿಗಿತ್ತಿ" ಅಂದಳು. ಸುತ್ತ ಕೂತಿದ್ದ ಹೆಂಗಸರೆಲ್ಲ ಸಾವಿನ ಮನೆ ಅನ್ನುವುದು ಮರೆತು ಮೆಚ್ಚಿಕೊಂಡು ತಲೆಯಾಡಿಸಿದರು. ಕ್ಯಾಸೆಟ್ಟಿನಲ್ಲಿ ನನ್ನ ಹೂಂ ಇನ್ನೂ ಕೇಳಿಸುತ್ತಿತ್ತು.

ಆಗ ತಿಳಿಯಿತು. ಮೇಡಂಗೆ ನೀನು ಹೇಳಿದ್ದು ಬೇರೆ ದಾರಿಯಲ್ಲ, ನನಗೆ ಹೇಳಿದ್ದೇ. ಅಂದರೆ ಜಗುಲಿಯ ಮೇಲೆ ನನಗೆ ಮೊದಲ ದಿನದಿಂದ ಹೇಳುತ್ತಾ ಬಂದದ್ದೇ ಹೊರಗಿನವರ ದಾರಿ. ಗೂಡಿನ ವ್ಯಾಪಾರಿಗೆ ಮಾಡಿದ ಮೋಸಕ್ಕೆ ನಕ್ಕೆನಲ್ಲ, ನಾನೂ ಅವನೂ ಒಂದೇ ಸಾಲಿನಲ್ಲಿ ಇದ್ದೆವು. ಅವನಿಗಾದರೂ ಅರ್ಧ ಗಂಟೆಯಲ್ಲಿ ಮುಗಿಯಿತು. ನನ್ನನ್ನು ಯಾಕೆ ಅಷ್ಟು ವರ್ಷ ಕೂರಿಸಿಕೊಂಡೆ? ಒಪ್ಪುವುದಿಲ್ಲ ಅಂದಿದ್ದರೆ ಎದ್ದು ಹೋಗುತ್ತಿದ್ದೆ. ನಿಮ್ಮ ಜಾತಿ ಬೇರೆ ಕಣಮ್ಮ, ಇಷ್ಟೇ ಹೇಳಲು ಆಗುವುದು ಅಂತ ಮುಖ ನೋಡಿ ಹೇಳಿದ್ದರೂ ಅತ್ತು ಸುಮ್ಮನಾಗುತ್ತಿದ್ದೆ. ಬಂತು ನಿಂಗೆ ಅಂತ ಲಟಿಕೆ ಯಾಕೆ ಮುರಿದೆ? ಅಂಗನವಾಡಿಯಲ್ಲಿ ಮಕ್ಕಳಿಗೆ ಕಥೆ ಹೇಳುವುದೇ ನನ್ನ ಕೆಲಸ. ಆಮೇಲೆ ಎಷ್ಟೋ ದಿನ ಬಾಯಿ ತೆರೆದರೆ ಕಾಗೆ ಗುಬ್ಬಿಯ ಕಥೆಯೂ ಸುಳ್ಳು ಅನ್ನಿಸುತ್ತಿತ್ತು.

ರತ್ನ ಮೊನ್ನೆ ದಸರಾ ರಜೆಗೆ ಬಂದಿದ್ದಳು. ಬಾಗಿಲಲ್ಲೇ ನಿಂತು ಚಪ್ಪಲಿ ಬಿಡದೆ, "ಅಕ್ಕಾ, ಒಂದು ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು" ಅಂದಳು. ಅವರ ಜನ ಅವಳನ್ನು ಕಾಡುತ್ತಿದ್ದರಂತೆ, ಹೋದ ವರ್ಷ ಸಾವಾಗಿದೆ ಅಂತ ಕೂಡಲಿಲ್ಲ, ಈ ವರ್ಷ ಕಥೆ ಹೇಳುವವರು ಯಾರು, ನಿಮ್ಮಮ್ಮ ನಿನಗೆ ಕೊಟ್ಟಿರಬೇಕಲ್ಲ ಅಂತ.

"ನಂಗೇನೂ ಗೊತ್ತಿಲ್ಲಕ್ಕ. ಫ್ಯಾಕ್ಟ್ರಿ ಸೇರಿದ್ಮೇಲೆ ಕೂರೋದೇ ಆಗ್ಲಿಲ್ಲ. ಅಮ್ಮ ಎಲ್ಲಾ ನಿಮ್ಗೇ ಹೇಳವ್ಳೆ ಅಂತ ಧೈರ್ಯವಾಗಿದ್ದೆ."

"ನಿಂಗೋಸ್ಕರ ಇಟ್ಕೊಂಡು ಕೂತಿದ್ಲು" ಅಂದೆ.

"ನಂಗೇನಿಲ್ಲ ಕೊಟ್ಟಿದ್ದು."

ಅವಳ ಮೇಲೆ ಸಿಟ್ಟು ಮಾಡಲು ಎಷ್ಟು ದಿನದಿಂದ ತಯಾರಾಗಿದ್ದೆ ಗೊತ್ತಾ? ಆದರೆ ಆ ಹುಡುಗಿ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು, ಬಾಗಿಲಲ್ಲಿ ನಿಂತು ಅಳುತ್ತಿದ್ದಾಳೆ. ಒಳಗೆ ಕರೆದು ಊಟಕ್ಕಿಟ್ಟೆ.

ನಾವಿಬ್ಬರೂ ನಗರಗೆರೆಗೆ ಹೋದೆವು. ಹನುಮಕ್ಕ ಕೆರೆಯ ಕೋಡಿಯ ಆಚೆ ಒಂದು ಹೊಲದ ಬದುವಿಗೆ ನಮ್ಮನ್ನು ಕರೆದೊಯ್ದಳು. ಬೇರೆ ಯಾರದೋ ಹೊಲ, ಮುಸುಕಿನ ಜೋಳ ಹಾಕಿದ್ದರು. ನಿಮ್ಮ ಜನ ಕಳವಾರದ ಬೆಟ್ಟದ ಬುಡದಲ್ಲಿ ತಂಗಲೇ ಇಲ್ಲವಂತೆ. ತಂಗಿದ್ದು ಇಲ್ಲಿ. ಜ್ವರ ಬಂದ ಒಂದು ಹೆಣ್ಣುಮಗು ಇಲ್ಲಿ ತೀರಿಕೊಂಡು, ಪರರ ನೆಲದಲ್ಲಿ ಕೇಳದೆ ಹೂಳಿ, ಯಾರಿಗಾದರೂ ಗೊತ್ತಾದರೆ ತೆಗೆಸಿಬಿಡುತ್ತಾರೆ ಅಂತ ಹೆದರಿ ಮುಂದಕ್ಕೆ ಹೋದರಂತೆ. ಆ ಹೆದರಿಕೆಗೇ ಹೊರಗಿನವರಿಗೆ ದಾರಿ ತಿರುಗಿಸಿ ಹೇಳುವುದು. ನಿಮ್ಮವರ ಮುಂದೆ ಹೇಳುವಾಗ ಕಥೆ ಇಲ್ಲಿ ನಿಲ್ಲುತ್ತದೆ. ಎಲ್ಲರೂ ಅಂಗೈಯಲ್ಲಿ ನೀರು ಹಿಡಿಯುತ್ತಾರೆ. ಹೇಳುವವಳು ಮಗುವಿನ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು ನೀರು ಬಿಡುತ್ತಾಳೆ, ಆಮೇಲೆ ಉಳಿದವರು ಬಿಡುತ್ತಾರೆ. ಹೆಸರು ಗೊತ್ತಿರುವುದು ಹೇಳುವವಳು ಒಬ್ಬಳಿಗೇ. ತನ್ನ ನಂತರ ಹೇಳುವವಳ ಕಿವಿಯಲ್ಲಿ ಅವಳು ಅದನ್ನು ಹೇಳಿ ಹೋಗಬೇಕು.

"ಹೆಸ್ರು ನಂಗೂ ಗೊತ್ತಿಲ್ಲ. ಅಕ್ಕಂಗೆ ಗೊತ್ತಿತ್ತು" ಅಂದಳು ಹನುಮಕ್ಕ. ಚೊಂಬಿನಿಂದ ರತ್ನಳ ಕೈಗೆ ನೀರು ಹಾಕಿದಳು. ನಾನು ನನ್ನ ಜಾಗ ಗೊತ್ತಿರುವವಳಂತೆ ದೂರ ನಿಂತಿದ್ದೆ. "ನೀನೂ ಹಿಡಿಯಮ್ಮ, ಯಾಕ್ ಅಲ್ಲಿ ನಿಂತ್ಕೊಂಡೆ" ಅಂತ ನನ್ನ ಕೈಗೂ ಹಾಕಿದಳು. ಅಷ್ಟೇ. ಅಷ್ಟು ಸುಲಭವಾಗಿತ್ತು ಅವ್ವಾ ಅದು. ಒಂದು ಹಿಡಿ ನೀರು. ನೀನು ಪ್ರತಿ ಸಲ ಪೆನ್ನೇರಿನ ಹತ್ತಿರ ನಿಲ್ಲಿಸಿ ಲೋಟ ಎತ್ತುತ್ತಿದ್ದೆಯಲ್ಲ, ಬಾಯಾರಿಕೆಗಾ? ಅಥವಾ ನನ್ನೆದುರು ಕೂತೇ ಆ ಮಗುವಿಗೆ ನೀರು ಬಿಡುತ್ತಿದ್ದೆಯಾ, ನಾನು ಏನೂ ತಿಳಿಯದೆ ಹೂಂ ಅನ್ನುತ್ತಿರುವಾಗ?

ನನಗೆ ಮಾಡಿದ್ದನ್ನು ಹೇಗೋ ನುಂಗಿಕೊಳ್ಳಬಹುದು. ನಾನು ಹೊರಗಿನವಳು, ಸರಿ. ಆದರೆ ಆ ಮಗು ನಿಮ್ಮದೇ ಅಲ್ಲವಾ? ಎಷ್ಟೋ ತಲೆಮಾರು ಒಬ್ಬಳ ಕಿವಿಯಿಂದ ಇನ್ನೊಬ್ಬಳ ಕಿವಿಗೆ ಹೆಸರು ದಾಟಿ ಬಂತು. ನಿನ್ನ ಮಂಚದ ಪಕ್ಕ ಒಂದು ಕಿವಿ ಇತ್ತು, ಇಡೀ ಮಧ್ಯಾಹ್ನ ಇತ್ತು, ನಂಗೆ ಹೇಳವ್ವಾ ಅಂತ ಕೇಳಿಯೂ ಕೇಳಿದೆ. ನನ್ನ ಕಿವಿಗೆ ಬೀಳುವುದಕ್ಕಿಂತ ಅದು ನಿನ್ನ ಜೊತೆ ಸುಟ್ಟು ಹೋದರೂ ಆದೀತು ಅಂತ ತೀರ್ಮಾನ ಮಾಡಿದೆಯಲ್ಲ. ಆ ಹೊತ್ತಿನಲ್ಲಿ ನನ್ನ ಮುಖದಲ್ಲಿ ನಿನಗೆ ಏನು ಕಂಡಿತು ಅವ್ವಾ?

ನಿನಗೆ ಗೊತ್ತಿಲ್ಲದ ಸುದ್ದಿ ಹೇಳಿ ಮುಗಿಸುತ್ತೇನೆ. ಈ ವರ್ಷ ನಗರಗೆರೆಯಲ್ಲಿ ಕಥೆ ಹೇಳಿದ್ದು ನಾನು. ಬೇರೆ ಯಾರಿಗೂ ಪೂರ್ತಿ ಬರುವುದಿಲ್ಲ. ಹನುಮಕ್ಕನೇ ಮನೆಗೆ ಬಂದು ಕರೆದಳು. ರತ್ನ ಪಕ್ಕದಲ್ಲಿ ಕೂತು ಹೂಂಗುಟ್ಟಿದಳು, ಬರೀ ಗಂಟಲಿನಿಂದ, ನಡುವೆ ಮೊಬೈಲ್ ಬೇರೆ. ಕಲಿಯುತ್ತಾಳೆ. ನೆಟ್ಟಗಿನ ದಾರಿಯಲ್ಲೇ ಹೇಳಿದೆ. ಕಥೆ ಆ ಬದುವಿಗೆ ಬಂದು ನಿಂತಾಗ ಎಲ್ಲರ ಅಂಗೈಯಲ್ಲೂ ನೀರಿತ್ತು. ನನ್ನ ಮನಸ್ಸಿನಲ್ಲಿ ಹೇಳಿಕೊಳ್ಳಲು ಹೆಸರು ಮಾತ್ರ ಇರಲಿಲ್ಲ. ಸುಮ್ಮನೆ ನೀರು ಬಿಟ್ಟೆ.

ಊಟವಾದ ಮೇಲೆ ದೊಡ್ಡವರು ಕೂತು ಮಾತಾಡಿದರು. ಮಗುವನ್ನು ಹೆಸರಿಲ್ಲದೆ ಬಿಡಬಾರದು, ಏನಾದರೂ ಇಡಬೇಕು ಅಂದರು. "ಗಂಗುಲಮ್ಮ ಅಂತ್ಲೇ ಇಟ್ಬಿಡಣ. ಅಕ್ಕನ ಹೆಸ್ರೂ ಉಳೀತದೆ" ಅಂದಳು ಹನುಮಕ್ಕ. ಎಲ್ಲರಿಗೂ ಸರಿ ಅನ್ನಿಸಿತು. ರತ್ನ ಅತ್ತೇಬಿಟ್ಟಳು. ನಾನು ಬೇಡ ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು, ಇವಳು ಯಾರು ಬೇಡ ಅನ್ನಲು ಅನ್ನುವಂತೆ. "ಹೇಳೋಳು ನಾನಾದ್ರೆ ಆ ಹೆಸ್ರು ಬೇಡ. ಬೇಕು ಅಂದ್ರೆ ನೀವೇ ಯಾರಾದ್ರೂ ಹೇಳ್ಕೊಳಿ" ಅಂದೆ.

ಆದರೆ ನಿನ್ನ ಹೆಸರನ್ನು ಬಿಡುವುದಿಲ್ಲ, ಹೆದರಬೇಡ. ಇನ್ನು ಮೇಲೆ ಅಲ್ಲಿ ಮನಸ್ಸಿನಲ್ಲಿ ಹೇಳಿಕೊಳ್ಳುವುದು ಏನೂ ಇಲ್ಲ. ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹೇಳುತ್ತೇನೆ, ರತ್ನಳಿಗೂ ಹಾಗೇ ಹೇಳಿಕೊಡುತ್ತೇನೆ, ಅವಳ ನಂತರ ಬರುವವಳೂ ಇದನ್ನೇ ಹೇಳಲಿ: ಇಲ್ಲೊಂದು ಹೆಣ್ಣುಮಗು ಮಲಗಿದೆ. ಅದರ ಹೆಸರು ಗಂಗುಲಮ್ಮನಿಗೆ ಗೊತ್ತಿತ್ತು.